ಸಾವಂತ್ರವ್ವ ಕೊಟ್ಟ ಸವಾಲು

“ಸಾವಂತ್ರವ್ವನ ಸಿಟ್ಟಂದ್ರ ಕರೇ ಕಂಬಳಿ ಇದ್ದಂಗ. ಒಮ್ಮಿ ನೇದ್ರ ಮೂರು ತಲಿಮಾರಿಗೆ ಬಾಳಿಕಿ ಬರತೈತಿ” ಎಂದು ತಿಕೋಟಾದ ಕುರುಬರ ಓಣಿಯ ಮಂದಿ ಅನ್ನುತ್ತಿದ್ದರು. “ಆಕಿ ಮನಿ ಮುಂದ ಕೆಮ್ಮಬ್ಯಾಡ, ಯಾರಿಗೆ ಕೆಮ್ಮಿದಿ ಅಂತ ಕೇಳತಾಳ” ಎಂದು ಹೊಸದಾಗಿ ಬಂದ ಸೊಸೆಯರಿಗೆ ಅತ್ತೆಯರು ಹೇಳಿಕೊಡುತ್ತಿದ್ದರು. ಗೋಡೆಗೆ ಗೋಡೆ ಹತ್ತಿದ ಮನೆಯ ಮಾಸುಮಬಿ, ಊರೂರು ತಿರುಗಿ ಬಳೆ ಮಾರುವವಳು, ಆಕೆಯೊಬ್ಬಳು ಮಾತ್ರ ಬೇರೆ ಮಾತು ಹೇಳುತ್ತಿದ್ದಳು. “ಬಾಯಿ ಖರೇನ ಮೆಣಸಿನಕಾಯಿ. ಆದ್ರ ನನ್ನ ಮೂರೂ ಬಾಣಂತನಕ್ಕ ನೀರು ಕಾಸಿದ್ದು ಅದ ಮೆಣಸಿನಕಾಯಿರೀ.”

ಸಿಟ್ಟು ಯಾರ ಮೇಲೆ ಅಂತೀರಾ? ಸಿದ್ದರಾಯನ ಮೇಲೆ. ಯಾಕೆ ಅಂತೀರಾ? ಅದನ್ನೇ ಹೇಳಬೇಕು.

ಸಾವಂತ್ರವ್ವ ಕುರಿಯ ಉಣ್ಣೆಯಿಂದ ನೂಲು ತೆಗೆಯುವವಳು. ಮಗಳು ತಾಯವ್ವ ಮದುವೆಯಾಗಿ ಜೈನಾಪುರ ಸೇರಿದ್ದಳು. ಗಂಡ ತೀರಿಕೊಂಡಾಗ ಉಳಿದದ್ದು ಒಂದು ರಾಟಿ, ಕಂಬಳಿ ನೇಕಾರರ ಸಂಘದಲ್ಲಿ ಒಂದು ಷೇರು, ಅಷ್ಟೇ. ಆದರೆ ಆಕೆಯ ನೂಲು ಮಗ್ಗದ ಮೇಲೆ ಕಡಿಯುತ್ತಿರಲಿಲ್ಲ. ನೇಕಾರರು ಕಣ್ಣು ಮುಚ್ಚಿ ಬೆರಳಾಡಿಸಿ, “ಇದು ಸಾವಂತ್ರವ್ವನ ಎಳಿ” ಎನ್ನುತ್ತಿದ್ದರು. ಆ ಹೆಸರೇ ಆಕೆಯ ಹೊಲ, ಆ ಹೆಸರೇ ಆಕೆಯ ಬಂಗಾರ.

ಎಪ್ಪತ್ತೈದನೇ ಇಸವಿಯ ಬೇಸಿಗೆಯಲ್ಲಿ ಒಂದು ಸಂಜೆ ಆಕೆ ನೂಲಿನ ಗಂಟು ಹೊತ್ತು ಸಂಘಕ್ಕೆ ಹೋದಳು. ಅಲ್ಲಿ ತೂಕ ಮಾಡುವವ ಸಿದ್ದರಾಯ. “ಮೂಲ್ಯಾಗ ಇಟ್ಟ ಹೋಗಬೇ, ಮುಂಜಾನೆ ತೂಗೂಣು” ಅಂದ. ಇಟ್ಟು ಬಂದಳು. ಮರುದಿನ ಅಂಗಳ ತುಂಬ ನೇಕಾರರು. ಸಿದ್ದರಾಯ ಗಂಟನ್ನು ತಕ್ಕಡಿಗೆ ಹಾಕಲು ಎತ್ತಿದರೆ ತಳವೆಲ್ಲ ಹಸಿ. ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದ.

“ನೋಡ್ರಿಪಾ! ಸಾವಂತ್ರವ್ವ ನೂಲಿಗೆ ನೀರು ಕುಡಿಸ್ಯಾಳ. ತೂಕಾ ಏರಲಿ ಅಂತ!”

ಅಂಗಳ ನಕ್ಕಿತು. “ಬೀರಪ್ಪನಾಣಿ, ನಾ ಒಣಾ ನೂಲ ತಂದಿದ್ದೆ” ಎಂದು ಆಕೆ ಕೂಗಿದ್ದು ನಗೆಯಲ್ಲಿ ಮುಳುಗಿ ಹೋಯಿತು. ಸಿದ್ದರಾಯ ಗಂಟನ್ನು ಆಕೆಯ ಕಾಲ ಬಳಿ ಒಗೆದ.

ಮನೆಗೆ ತಂದು ಗೋಡೆಯ ಮೇಲೆ ಒಣಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಹಸಿಯಾಗಿದ್ದ ನೂಲೆಲ್ಲ ಕಸಬರಿಗೆಯ ಕಡ್ಡಿಯಂತೆ ಬಿರುಸಾಯಿತು. ಮೂಸಿ ನೋಡಿದಳು, ನಾಲಿಗೆಗೆ ಹಚ್ಚಿ ನೋಡಿದಳು. ಹುಣಸೆಬೀಜದ ಗಂಜಿ! ಕಂಬಳಿ ನೇಯುವ ಮುಂಚೆ ಹಾಸಿನ ಎಳೆ ಗಟ್ಟಿಯಾಗಲಿ ಎಂದು ಈ ಗಂಜಿ ಬಳಿಯುತ್ತಾರೆ. ನೀರು ಬಿದ್ದ ನೂಲು ಒಣಗಿದರೆ ಮತ್ತೆ ಮೆತ್ತಗಾಗುತ್ತದೆ, ಗಂಜಿ ಕುಡಿದದ್ದು ಬಿರುಸಾಗುತ್ತದೆ. ಕುರುಬರ ಕೂಸಿಗೂ ಗೊತ್ತಿರುವ ಮಾತು. ಅಂದರೆ ಸಂಘದ ಗಂಜಿಯೇ ಸಂಘದ ಮೂಲೆಯಲ್ಲಿ ಆಕೆಯ ಗಂಟಿನ ಮೇಲೆ ಚೆಲ್ಲಿತ್ತು. ಬೆಳಗಿನ ಜಾವ ಅಲ್ಲಿ ಗಂಜಿಯ ಕೊಪ್ಪರಿಗೆ ಇಳಿಸುವವ ಸಿದ್ದರಾಯನೊಬ್ಬನೇ.

ಹಿರಿಯರ ಹತ್ತಿರ ಗಂಟು ಒಯ್ದು ತೋರಿಸಿದಳು. “ಬಿಡವಾ, ಆಗಿದ್ದಾತು, ಈಗ್ಯಾಕ ಕೆದರತಿ” ಎಂದು ಕಳಿಸಿದರು. ಊರು ಆಕೆಗೆ ‘ನೀರ ಸಾವಂತ್ರವ್ವ’ ಎಂದು ಹೆಸರಿಟ್ಟಿತು. ಅದನ್ನಾದರೂ ತಡೆದುಕೊಂಡಾಳು. ಆದರೆ ಅಂದಿನಿಂದ ಒಬ್ಬೊಬ್ಬ ನೇಕಾರನೂ ಆಕೆಯ ನೂಲು ಕೊಳ್ಳುವ ಮುಂಚೆ, ಆಕೆಯ ಕಣ್ಣೆದುರಿಗೇ, ಅದನ್ನು ಒಮ್ಮೆ ಹಿಂಡಿ ನೋಡತೊಡಗಿದ. ಆ ಹಿಂಡುವ ಕೈಗಳನ್ನು ತಡೆದುಕೊಳ್ಳಲಾಗಲಿಲ್ಲ.

“ಆ ಬಿರುಸು ನೂಲ ಒಯ್ದು ಅವನ ಮಾರಿಗೆ ಒಗದು ಬಾರಬೇ” ಎಂದಳು ಮಾಸುಮಬಿ.

“ಈಗ ಒಗಿಯಾಂಗಿಲ್ಲ. ತೂಕಾ ಮಾಡೂ ಆಳು ಅಂವ, ನೆಲದ ಮ್ಯಾಲ ಅದಾನ. ಬಿದ್ರೂ ಏನ ಪೆಟ್ಟಾಗತೈತಿ? ಏರಲಿ. ಎತ್ತರಕ್ಕ ಏರಲಿ. ಆಮ್ಯಾಲ ಕಾಲ ಹಿಡದ ಜಗ್ಗತೀನಿ.”

ಹೀಗೆ ಮೂರು ವರ್ಷ ಆಕೆ ತನ್ನ ಶತ್ರು ದೊಡ್ಡವನಾಗಲಿ ಎಂದು ಬೀರಪ್ಪನಿಗೆ ಕಾಯಿ ಒಡೆಸಿದಳು. ಜಗತ್ತಿನಲ್ಲಿ ಇಂಥ ಹರಕೆ ಹೊತ್ತವರು ಇನ್ನೊಬ್ಬರು ಇರಲಿಕ್ಕಿಲ್ಲ.

ಬೀರಪ್ಪ ಕೇಳಿಸಿಕೊಂಡ. ಎಪ್ಪತ್ತೆಂಟರಲ್ಲಿ ಸಂಘದ ಹಳೆಯ ಅಧ್ಯಕ್ಷರು ವಯಸ್ಸಾಯಿತೆಂದು ಬಿಟ್ಟರು. ಆ ಕುರ್ಚಿಗೆ ಇಬ್ಬರು ನಿಂತರು. ಒಬ್ಬ ಸಿದ್ದರಾಯ. ಇನ್ನೊಬ್ಬ ಬಿಜ್ಜರಗಿಯ ಗೊಲ್ಲಾಳಪ್ಪ. ನಾಲ್ಕು ನೂರು ಕುರಿಗಳ ಧಣಿ, ಒಳ್ಳೆಯ ಮನುಷ್ಯ, ಆದರೆ ಮಾತು ಗಂಟಲಿನಿಂದ ಹೊರಗೆ ಬರುವುದರೊಳಗೆ ಕೇಳುವವರು ಚಹಾ ಕುಡಿದು ಬರಬಹುದು. ಸಾವಂತ್ರವ್ವ ಅದುವರೆಗೆ ಗೊಲ್ಲಾಳಪ್ಪನ ಜೊತೆ ಹತ್ತು ಮಾತು ಆಡಿದವಳಲ್ಲ. ಆ ದಿನದಿಂದ ಗೊಲ್ಲಾಳಪ್ಪ ಆಕೆಯ ಪಾಲಿಗೆ ಧರ್ಮರಾಯ.

“ಗೊಲ್ಲಾಳಪ್ಪಗ ಮಾತ ಬರಾಂಗಿಲ್ಲಲ್ಲಬೇ” ಎಂದು ಮಾಸುಮಬಿ ಕೆಣಕಿದಳು.

“ದೇವರಿಗೂ ಬರಾಂಗಿಲ್ಲ. ಕೈ ಮುಗಿಯೂದಿಲ್ಲೇನು?”

ಈ ಹೊತ್ತಿಗೆ ದಾವಲಸಾಬ ಒಂದು ಮಾತು ತೆಗೆದ. ಆತ ಗೀಗೀ ಮೇಳದಲ್ಲಿ ದಪ್ಪು ಬಾರಿಸುವವ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಹರದೇಶಿ, ನಾಗೇಶಿ ಮೇಳಗಳು ಎದುರುಬದುರು ಕೂತು ಸವಾಲು ಜವಾಬು ಹಾಡುವುದು ನಮ್ಮ ಸೀಮೆಗೆ ಹೊಸದಲ್ಲ. “ಓಟಿನ ಮುಂಚಿ ಈ ಇಬ್ಬರನ್ನೂ ಹಂಗ ಎದುರಾಬದುರ ಕೂಡಸೂಣ್ರಿ. ಇಂವ ಅಂವಗ ಕೇಳಲಿ, ಅಂವ ಇಂವಗ ಕೇಳಲಿ. ಮೂರು ಸುತ್ತು ದಪ್ಪು ಬಾರಸೂದ್ರಾಗ ಜವಾಬ ಬರಲಿಲ್ಲಂದ್ರ, ಇಲ್ಲಾ ಸೋತೆ ಅಂದ್ರ, ತಲಿ ಮ್ಯಾಲಿನ ಪಟಗಾ ಬಿಚ್ಚಿ ನೆಲಕ್ಕ ಇಡಬೇಕು” ಅಂದ. ಎಲ್ಲರಿಗೂ ಹಿಡಿಸಿತು. ಕೂತ ಮಂದಿ ಸವಾಲು ಹಾಕುವಂತಿಲ್ಲ ಎಂಬುದೂ ಮೇಳದ ಪದ್ಧತಿಯೇ.

ಅದೇ ಸಂಜೆ ಸಾವಂತ್ರವ್ವ ಬಿಜ್ಜರಗಿಗೆ ನಡೆದಳು. ಗೊಲ್ಲಾಳಪ್ಪ ಹಟ್ಟಿಯಲ್ಲಿ ಕುರಿ ಎಣಿಸುತ್ತಿದ್ದ.

“ಯಪ್ಪಾ, ನನ್ನದೊಂದು ಸವಾಲ ಐತ್ರಿ. ನಿಮ್ಮ ಬಾಯಿಲೆ ಹಾಕ್ರಿ. ‘ಸಿದ್ದರಾಯ, ಸಾವಂತ್ರವ್ವನ ನೂಲು ಒಣಗಿದ ಮ್ಯಾಲ ಮೆತ್ತಗಿತ್ತೋ, ಬಿರುಸಿತ್ತೋ?’ ಇಷ್ಟ.”

“ಇದ... ಇದರಾಗ... ಏನೈತಿಬೇ?”

“ನಿಮಗ ತಿಳಿಯೂದ ಬ್ಯಾಡ್ರಿ. ಅವಗ ತಿಳಿತೈತಿ, ಕೂತ ನೇಕಾರರಿಗೆ ತಿಳಿತೈತಿ. ಸುಳ್ಳ ಹೇಳಿದ್ರ ಗಂಟ ಬಿಚ್ಚತೀನಿ. ಖರೇ ಹೇಳಿದ್ರ ತಾನ ತನ್ನ ಕುಣಿಗೆ ಬೀಳತಾನ.”

ವಾದದ ದಿನ ಬಿಸಿಲು ಇಳಿಯುವ ಹೊತ್ತಿಗೆ ಸಂಘದ ಅಂಗಳ ತುಂಬಿತು. ಎರಡು ಬಾಜು ಎರಡು ಕಂಬಳಿ ಹಾಸಿ ಇಬ್ಬರನ್ನೂ ಕೂಡಿಸಿದರು. ನಡುವೆ ದಪ್ಪು ಹಿಡಿದ ದಾವಲಸಾಬ. ಮುಂದಿನ ಸಾಲಿನಲ್ಲಿ ಸಾವಂತ್ರವ್ವ, ಮಡಿಲಲ್ಲಿ ಮೂರು ವರ್ಷ ಕಾಪಿಟ್ಟ ಬಿರುಸು ನೂಲಿನ ಗಂಟು, ಮಗ್ಗುಲಲ್ಲಿ ಮಾಸುಮಬಿ.

ಸಿದ್ದರಾಯ ಕೇಳಿದ: “ವಿಜಾಪುರದ ವ್ಯಾಪಾರಿ ಕಂಬಳಿ ಧಾರಣಿ ಇಳಿಸಿದ್ರ ಅಧ್ಯಕ್ಷ ಆಗಿ ಏನ ಮಾಡತಿ?”

ಗೊಲ್ಲಾಳಪ್ಪ ಮೀಸೆ ಸವರಿದ. ಒಂದು ಸುತ್ತು ದಪ್ಪು ಬಿತ್ತು. ಎರಡನೆಯದೂ ಬಿತ್ತು. “ನೋಡೂಣು” ಅಂದ.

“ಭಲೇ ನನ ಮಗನ!” ಎಂದು ಸಾವಂತ್ರವ್ವ ತೊಡೆ ತಟ್ಟಿದಳು. “ಕೇಳಿದ್ರಿಲ್ಲೋ? ದುಡಕೂ ಮನಷ್ಯಾ ಅಲ್ಲ. ನೋಡಿ ಮಾಡತಾನಂತ!”

ಅದೇ ಸವಾಲು ತಿರುಗಿ ತನಗೆ ಬಂದಾಗ ಸಿದ್ದರಾಯ, ಬಬಲೇಶ್ವರದ ಸಂತೆಯಲ್ಲಿ ಸಂಘದ್ದೇ ಅಂಗಡಿ ಇಡಬೇಕು, ನೂಲುವ ಹೆಣ್ಣುಮಕ್ಕಳಿಗೆ ಉಣ್ಣೆ ಮೊದಲೇ ಹಂಚಬೇಕು ಎಂದು ನೀಟಾಗಿ ಹೇಳಿದ. ಮಂದಿ ತಲೆದೂಗಿದರು. ಸಾವಂತ್ರವ್ವ ಎಲೆಅಡಿಕೆಯನ್ನು ದೊಡ್ಡ ಸದ್ದು ಮಾಡಿ ಉಗುಳಿ ಬಂದಳು. “ಗಿಣಿನೂ ಮಾತಾಡತೈತಿ. ಗಿಣಿನ್ನ ಅಧ್ಯಕ್ಷ ಮಾಡತೀರೇನು?”

“ಅಂವ ಹೇಳಿದ್ದು ಬರೋಬ್ಬರಿ ಐತಲ್ಲಬೇ” ಎಂದು ಮಾಸುಮಬಿ ಪಿಸುಗುಟ್ಟಿದಳು.

“ನೀ ಯಾರ ಮಗ್ಗಲಾಗ ಕುಂತಿ, ನೆನಪೈತೇನು?”

ಕಡೆಗೆ ಗೊಲ್ಲಾಳಪ್ಪ ಗಂಟಲು ಸರಿಮಾಡಿಕೊಂಡ. ಅಚ್ಚರಿ ನೋಡಿ, ಆ ಸವಾಲೊಂದನ್ನು ಅವನು ತಡವರಿಸದೆ ಹಾಕಿದ. “ಸಿದ್ದರಾಯ, ಸಾವಂತ್ರವ್ವನ ನೂಲು ಒಣಗಿದ ಮ್ಯಾಲ ಮೆತ್ತಗಿತ್ತೋ, ಬಿರುಸಿತ್ತೋ?”

ಮೊದಲ ಸುತ್ತು ದಪ್ಪು ಬಿತ್ತು. ಸಿದ್ದರಾಯ ನೆಲ ನೋಡಿದ. ಸಾವಂತ್ರವ್ವನ ಬೆರಳು ಗಂಟಿನ ಕಟ್ಟಿಗೆ ಹೋದವು. ಎರಡನೆಯ ಸುತ್ತು. ಅವನ ಹಣೆಯ ಮೇಲೆ ಬೆವರು. ಆಕೆಗೆ ಅದು ಮೂರು ವರ್ಷದ ಹಸಿವಿಗೆ ಬಡಿಸಿದ ಹೋಳಿಗೆ. ಮೂರನೆಯದು ಮುಗಿಯುವ ಮುಂಚೆ ಅವನು ಎದ್ದು ನಿಂತ.

“ಬಿರುಸಿತ್ತು.”

ದಾವಲಸಾಬ ದಪ್ಪು ಕೆಳಗಿಟ್ಟ.

“ಆವತ್ತ ನಸಿಕಿನ್ಯಾಗ ಗಂಜಿ ಕೊಪ್ಪರಿಗಿ ನನ್ನ ಕೈಯಿಂದ ಜಾರಿತ್ರಿ. ನೆಲಾ ಒರಸಿದೆ, ಮೂಲಿ ನೋಡಲಿಲ್ಲ. ಆಕಿಗೆ ಕಳ್ಳಿ ಅಂದೆ. ಸಂಜಿಗೆ ನನ್ನ ಧೋತರದ ಅಂಚು ಬಿರುಸಾಗಿದ್ದು ನೋಡಿದಾಗ ತಿಳೀತು. ಹೋಗಿ ಹೇಳಾಕ ಮಾರಿ ಇರಲಿಲ್ಲ. ಮೂರು ವರ್ಸ ಇರಲಿಲ್ಲ. ಆಕಿ ಒಣಾ ನೂಲ ತಂದಿದ್ಲು. ತಪ್ಪು ನಂದು. ನಾ ಸೋತೆ.” ಪಟಗ ಬಿಚ್ಚಿ ದಾವಲಸಾಬನ ಮುಂದೆ ನೆಲಕ್ಕಿಟ್ಟ.

“ಬಿದ್ದ!” ಎಂದು ಸಾವಂತ್ರವ್ವ ಎದ್ದು ನಿಂತು ಕೈ ಎತ್ತಿದಳು. “ಬಿದ್ದಾನ ನೋಡ್ರಿ, ಬಿದ್ದಾನ! ಹೋ ಅನ್ರಿ!”

ಯಾರೂ ಹೋ ಅನ್ನಲಿಲ್ಲ. ಮುಪ್ಪಿನ ನೇಕಾರ ಖಂಡಪ್ಪ ತನ್ನ ಬಲಗೈಯನ್ನು ತಿರುವಿ ತಿರುವಿ ನೋಡಿಕೊಳ್ಳುತ್ತಿದ್ದ. “ಈ ಕೈಲೆ ಮೂರು ವರ್ಸ ಆಕಿ ನೂಲ ಹಿಂಡೀನಿ” ಎಂದು ಆಕೆಯ ಕಡೆ ಕೈಮುಗಿದ. ಆಮೇಲೆ ಸಿದ್ದರಾಯನ ಕಡೆ ತಿರುಗಿ, “ಇಷ್ಟು ಮಂದ್ಯಾಗ ತಪ್ಪು ನಂದು ಅಂದ ಗಂಡಸನ್ನ ಇವತ್ತ ನೋಡಿದೆ. ತಕ್ಕಡಿ ಹಿಂತಾವನ ಕೈಯಾಗ ಇರಬೇಕು” ಅಂದ. ತಲೆಗಳು ಹೌದು ಹೌದೆಂದು ಆಡಿದವು.

ಮರುದಿನ ಓಟು ಬಿದ್ದವು. ಸಿದ್ದರಾಯ ಅಧ್ಯಕ್ಷನಾದ, ಅದೂ ದಂಡಿ ಓಟಿನಿಂದ.

“ಅಂವ ಸೋತಾನ! ಪಟಗಾ ನೆಲಕ್ಕ ಇಟ್ಟಾನ, ನಾ ಕಣ್ಣಾರೆ ಕಂಡೀನಿ!” ಎಂದು ಸಾವಂತ್ರವ್ವ ಓಣಿಯ ತುದಿಯಿಂದ ತುದಿಗೆ ಹೇಳುತ್ತ ತಿರುಗಿದಳು. ಗೊಲ್ಲಾಳಪ್ಪನೇ ಸಿಕ್ಕು, “ಇರಲಿ... ಬಿಡಬೇ... ಛಲೋ ಆತು” ಅಂದಾಗ ಅವನಿಗೂ ನಾಲ್ಕು ಬೈಗುಳ ಬಿದ್ದವು.

“ನಿನ್ನ ಹೆಸರು ತೊಳದ ಹ್ವಾದಂಗಾತಲ್ಲ, ಇನ್ನೇನಬೇಕ ನಿನಗ?” ಎಂದಳು ಮಾಸುಮಬಿ.

“ನನ್ನ ಹೆಸರ ತೊಳಿಯಾಕ ಇಟ್ಟ ನೀರಿಲೆ ಅಂವ ತನ್ನ ಮಾರಿನೂ ತೊಳಕೊಂಡಾನ. ನೀರ ನಂದು, ಮಾರಿ ಅವಂದು!”

ಅಲ್ಲಿಗೂ ಮುಗಿಯಲಿಲ್ಲ. ಹೊಸ ಅಧ್ಯಕ್ಷ ತಾನೇ ಆಕೆಯ ಮನೆ ಬಾಗಿಲಿಗೆ ಬಂದ. “ಚಿಗವ್ವಾ, ಇನ್ನ ಮ್ಯಾಲ ಸಂಘದ ನೂಲು ನೋಡಿ ಆರಿಸೂ ಕೆಲಸಾ ನೀನ ಮಾಡು. ನಿನ್ನ ಕಣ್ಣಿಗೆ ಬಂದದ್ದ ಖರೆ” ಅಂದ. ಆಕೆ ಬಾಗಿಲು ಹಾಕಿಕೊಂಡಳು. ಅವನು ಅಮಾವಾಸ್ಯೆಗೊಮ್ಮೆ ಬರುವುದು ಬಿಡಲಿಲ್ಲ. ದಸರೆಗೆ ಎಲ್ಲರಿಗಿಂತ ಮುಂಚೆ ಬನ್ನಿ ಕೊಡಲು ಬಂದ. ಓಣಿ ಅವನನ್ನು ಹೊಗಳಿತು: ಎಂಥಾ ದೊಡ್ಡ ಮನಸ್ಸು, ಬೈದರೂ ಬರುತ್ತಾನೆ. ಹೊಗಳುವ ಪ್ರತಿ ಬಾಯಿಯೂ ಕೊನೆಗೆ ಆಕೆಯ ಕಡೆಗೇ ತಿರುಗುತ್ತಿತ್ತು. ನೀನೂ ಒಂದು ಮಾತು ಅಂದುಬಿಡವ್ವಾ, ಹೋಗಲಿ ಬಿಡು ಅಂತ.

ಇಷ್ಟು ದಿನ ನೂಲು ಹಿಂಡುತ್ತಿದ್ದರು. ಈಗ ಆಕೆಯಿಂದ ಆ ಒಂದು ಮಾತನ್ನು ಹಿಂಡತೊಡಗಿದರು.

ಒಂದು ವರ್ಷ ತಡೆದಳು. ಎಪ್ಪತ್ತೊಂಬತ್ತರ ಕಾರಹುಣ್ಣಿಮೆ ಕಳೆದ ಮೂರನೇ ದಿನ ಸೀರೆಗಳನ್ನು ಗಂಟು ಕಟ್ಟಿದಳು.

“ಜೈನಾಪುರಕ್ಕ ಹೊಂಟೀನಿ, ಮಗಳ ಕಡೆ. ಇನ್ನ ಬರಾಂಗಿಲ್ಲ” ಎಂದು ಮನೆಯ ಕೀಲಿಯನ್ನು ಮಾಸುಮಬಿಯ ಕೈಗೆ ಹಾಕಿದಳು.

ಮಾಸುಮಬಿಯ ಕಣ್ಣು ತುಂಬಿದವು. “ನಿನಗ ಹುಚ್ಚ ಹಿಡದೈತೇನ? ಈಗ ಎಲ್ಲಾರೂ ನಿನಗ ಕೈ ಮುಗಿಯಾಕತ್ತಾರ. ನಿನ್ನ ನೂಲು ಯಾರೂ ಹಿಂಡಾಂಗಿಲ್ಲ. ಈಗ್ಯಾಕ ಹೊಂಟಿ?”

“ಅವನ ಪಾಪಾ ನನ್ನ ಮನಿ ಬಾಗಲಿಗೆ ಬಂದು ಬಂದು ಪುಣ್ಯೆ ಆಗಾಕತ್ತೈತಿ. ನಾ ಇಲ್ಲಿದ್ರ ಒಂದಿನ ಮೈ ಸೋತಾಗ ‘ಹೋಗಲಿ ಬಿಡಪಾ’ ಅಂದಬಿಡತೀನಿ. ಅಷ್ಟ ಬೇಕಾಗೈತಿ ಅವಗ. ಅದೊಂದು ನನ್ನ ಕೈಯಾಗ ಐತಿ, ಕೊಡಾಂಗಿಲ್ಲ. ಯಾರ ಬಾಗಲಿಗೆ ಬರತಾನ, ಬರಲಿ.”

ಓಣಿಯ ಬಾಯಿಗೆ ಸಿದ್ದರಾಯ ಸಂಘದ ಚಕ್ಕಡಿ ಹೂಡಿಕೊಂಡು ನಿಂತಿದ್ದ. ಸುದ್ದಿ ಹೇಗೋ ಮುಟ್ಟಿತ್ತು. “ಮೋಟಾರ ತನಾ ಬಿಡತೀನಿ ಚಿಗವ್ವಾ, ಬಿಸಲೈತಿ” ಎಂದು ಅಲ್ಲಿಂದಲೇ ಕೂಗಿದ. ವಿಜಾಪುರಕ್ಕೆ ಹೋಗುವ ಮೋಟಾರು ನಿಲ್ಲುವ ಜಾಗ ಆ ದಿಕ್ಕಿಗೇ ಇತ್ತು. ಅಲ್ಲಿಂದ ಮುಂದೆ ಬಬಲೇಶ್ವರದ ಮೋಟಾರು ಹಿಡಿಯಬೇಕು.

“ಅಂವ ಕೇಳಿದ್ರ ಏನ ಹೇಳಲಿ?” ಎಂದಳು ಮಾಸುಮಬಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ.

“ಸಿಟ್ಟು ಇನ್ನೂ ಇಳದಿಲ್ಲ ಅಂತ ಹೇಳು.”

ಸಾವಂತ್ರವ್ವ ಗಂಟನ್ನು ತಲೆಗೇರಿಸಿ ಹೊಸ್ತಿಲು ದಾಟಿದಳು. ಚಕ್ಕಡಿ ನಿಂತ ದಿಕ್ಕಿಗೆ ಬೆನ್ನು ಹಾಕಿ, ಹಿತ್ತಲ ಸಂದಿಯಿಂದ ಹಾಯ್ದು, ಊರಿನ ಹೊರಗಿನ ಸುತ್ತು ದಾರಿ ಹಿಡಿದು ನಡೆದಳು.