ಟ್ರೆಬಲ್ ತಿರುಪು, ಅಟ್ಟದ ಕಾಯಿ

ನಮ್ಮ ಮನೆಯಲ್ಲಿ ಅಟ್ಟದ ಕಾಯಿ ಕೊಬ್ಬರಿಯಾಯಿತೋ ಇಲ್ಲವೋ ಎಂದು ಹೇಳುವವಳು ನಾನು. ಕಾಯಿ ವರ್ಷದ ಹತ್ತಿರ ಅಟ್ಟದ ಮೇಲೆ ಹೊಗೆ ಕುಡಿಯುತ್ತಾ ಕೂತಿರುತ್ತದೆ. ಒಳಗಿನ ನೀರು ಇಂಗಿ, ತಿರುಳು ಉಂಡೆಯಾಗಿ ಚಿಪ್ಪು ಬಿಟ್ಟಮೇಲೆ ಅಲ್ಲಾಡಿಸಿದರೆ ಟಕಟಕ ಅನ್ನುತ್ತದೆ. ಇನ್ನೂ ಹಸಿಯಿದ್ದರೆ ಆ ಟಕ್ ಇರುವುದಿಲ್ಲ, ಬರೀ ದಬದಬ. ನಾನು ಕಿವಿಗೆ ಹಿಡಿದು ಹೂಂ ಅಂದಮೇಲೇ ನನ್ನ ಮಗ ಸುಲಿಯುವವರನ್ನು ಕರೆಸುವುದು. ಈ ಒಂದು ವಿಷಯದಲ್ಲಿ ನನ್ನ ಮಾತಿಗೆ ಎದುರಿರಲಿಲ್ಲ.

ಈ ಸಲ ನಾನು ಹೂಂ ಅಂದ ಕಾಯಿ ಒಡೆದರೆ ಅರ್ಧಕ್ಕರ್ಧ ಹಸಿ, ತಿರುಳು ಚಿಪ್ಪಿಗೆ ಅಂಟಿಕೊಂಡೇ ಇತ್ತು. ಹೊಗೆ ಸರಿಯಾಗಿ ಹಾಕಿಲ್ಲವೆಂದು ಮಗನನ್ನು ಬೈದೆ. ಅವನು ಮಿಕ್ಕ ಕಾಯಿಗೂ ನಾನೇ ಹೇಳಬೇಕೆಂದು ಕಾದ. ತಪ್ಪಿ ಹೇಳಿದರೆ ಒಂದು ವರ್ಷದ ಫಸಲು ಕೆಡುತ್ತದೆ.

ಅವನ ಮಗಳು ತಿಪಟೂರಿನಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಾಳೆ, ಗಿಟಾರ್ ನುಡಿಸುತ್ತಾಳೆ. ಗಿಟಾರಿಗೆಂದು ಹಳೇ ಕಾಲದ ವಾಲ್ವ್ ಹಾಕಿ, ಹಲಸಿನ ಹಲಗೆಯ ಪೆಟ್ಟಿಗೆಯಲ್ಲಿ ಒಂದು ಆಂಪ್ಲಿಫೈಯರ್ ಕಟ್ಟಿಕೊಂಡಿದ್ದಾಳೆ. ಅಟ್ಟದ ಪಕ್ಕದ ಕೋಣೆ ಅವಳದು. ಮಧ್ಯಾಹ್ನ ಉಂಡಮೇಲೆ ನಾನು ಅಲ್ಲೇ ಚಾಪೆ ಹಾಸಿಕೊಳ್ಳುತ್ತೇನೆ. ಆ ವಾಲ್ವಿನ ಗಾಜಿನ ಬುರುಡೆಗಳೊಳಗೆ ತಂತಿ ಮೆಲ್ಲಗೆ ಕೆಂಪಗಾಗುತ್ತದೆ, ಬೂದಿಯೊಳಗಿನ ಕೆಂಡದ ಹಾಗೆ. ಬಿಸಿ ಧೂಳಿನ ವಾಸನೆ, ಹೊಗೆ ಹಿಡಿದ ಕಾಯಿಯ ವಾಸನೆ. ಗೋಡೆಯ ಮೇಲೆ ತೆಂಗಿನ ಗರಿಯ ನೆರಳು ಈಜುತ್ತಿರುತ್ತದೆ. ಅವಳು ತಂತಿ ಮೀಟಿದರೆ ದನಿ ಎಲ್ಲಿ ಮುಗಿಯಿತು, ನಿದ್ದೆ ಎಲ್ಲಿ ಶುರುವಾಯಿತು ತಿಳಿಯುವುದಿಲ್ಲ.

ಒಂದು ಮಧ್ಯಾಹ್ನ, ಪೆಟ್ಟಿಗೆಯ ಮುಂದಿರುವ ಮೂರು ತಿರುಪು ಯಾತಕ್ಕೆ ಎಂದು ಕೇಳಿದೆ. ಕೆಪಾಸಿಟರ್ ಎಂಬ ಗುಳಿಗೆಯಷ್ಟು ವಸ್ತುವೊಂದು ಒಳಗಿದೆಯಂತೆ. ಅದು ಚೂಪಾದ ಸಣ್ಣ ದನಿಯನ್ನು ಬಿಡುತ್ತದೆ, ದಪ್ಪ ದನಿಯನ್ನು ತಡೆಯುತ್ತದೆ. ಹಾಗೆ ದಾಟಿದ ಸಣ್ಣ ದನಿಯಲ್ಲಿ ಎಷ್ಟು ಮುಂದಕ್ಕೆ ಹೋಗಬೇಕು ಎಂದು ನೋಡುವುದು ಟ್ರೆಬಲ್ ತಿರುಪು. ದಪ್ಪದ್ದಕ್ಕೆ ಬಾಸ್, ನಡುವಿನದಕ್ಕೆ ಇನ್ನೊಂದು. ಪೂರ್ತಿ ತಿರುಗಿಸಿದರೆ ದನಿ ಜಾಸ್ತಿ ಸೇರುತ್ತದಾ ಅಂದೆ.

“ಸೇರ್ಸಲ್ಲ ಕಣಜ್ಜಿ. ಇವು ಬರೀ ಕಳೀತವೆ. ಪೂರ್ತಿ ತಿರುಗ್ಸುದ್ರೆ ಕಮ್ಮಿ ಕಳೀತವೆ, ಅಷ್ಟೆ.”

“ಕಳೆದದ್ದು ಎಲ್ಲೋದಾತು?”

“ಹೋಯ್ತು. ಮುಂದಿನ ವಾಲ್ವು ಉಳಿದಿದ್ನ ಜೋರು ಮಾಡ್ತದೆ.”

ತೋರಿಸು ಅಂದೆ. ಟ್ರೆಬಲ್ ಸೊನ್ನೆಗಿಟ್ಟು ಮೀಟಿದಳು, ಕಂಬಳಿ ಹೊದ್ದವರು ಮಾತಾಡಿದ ಹಾಗಿತ್ತು. ಅರ್ಧಕ್ಕೆ ತಂದಳು, ಕಂಬಳಿ ಜಾರಿತು. ಆಮೇಲೆ ಏನೂ ಆಗಲಿಲ್ಲ.

“ಇನ್ನೂ ತಿರುಗ್ಸೇ” ಅಂದೆ.

“ಪೂರ್ತಿ ತಿರುಗ್ಸಿದೀನಿ ಅಜ್ಜಿ.”

ಬಾಗಿಲಲ್ಲಿ ನಿಂತಿದ್ದ ಮಗ ಕಿವಿ ಮುಚ್ಚಿಕೊಂಡಿದ್ದ. ಸೂಜಿ ಚುಚ್ಚಿದ ಹಾಗಾಗುತ್ತದೆ, ಕಮ್ಮಿ ಮಾಡು ಎಂದ.

ನನಗೆ ಯಾವ ಸೂಜಿಯೂ ಚುಚ್ಚಿರಲಿಲ್ಲ. ಆಮೇಲೆ ಎದ್ದು, ಅಟ್ಟದಿಂದ ಎರಡು ಕಾಯಿ ಇಳಿಸಲು ಮಗನಿಗೆ ಹೇಳಿದೆ. ಅಲ್ಲಾಡಿಸಿದೆ. ಎರಡೂ ನನಗೆ ಒಂದೇ. ಮೊಮ್ಮಗಳ ಕೈಗೆ ಕೊಟ್ಟೆ. ಇದರಲ್ಲಿ ಟಕ್ ಇದೆ, ಅದರಲ್ಲಿಲ್ಲ ಎಂದು ಅವಳು ಯೋಚಿಸದೆ ಹೇಳಿದಳು. ಮಗ ಎರಡನ್ನೂ ಸುಲಿದು ಒಡೆದ. ಅವಳು ಹೇಳಿದ ಹಾಗೇ ಇತ್ತು.

“ಇನ್ಮೇಲೆ ಇವಳ್ನ ಕೇಳು” ಅಂದೆ ಮಗನಿಗೆ. “ನನ್ ಕಿವೀಲಿ ಸಣ್ಣ ದನಿ ಹೋಗ್ಬುಟ್ಟದೆ.”

“ಹಂಗಾರೆ ನಾನ್ ಹಾಕಿದ್ ಹೊಗೆ ಸರಿಯಾಗಿತ್ತು?”

“ಸರಿಯಾಗಿತ್ತು, ಬುಡು.”

ಅವನು ನಗುತ್ತಾ ಒಡೆದ ಕೊಬ್ಬರಿಯಲ್ಲಿ ಒಂದು ಚೂರು ನನ್ನ ಕೈಗಿಟ್ಟ. ಮತ್ತೆ ಮಲಗಿಕೊಂಡೆ. ಟ್ರೆಬಲ್ ನಿನಗೆ ಬೇಕಾದಷ್ಟು ಇಟ್ಟುಕೋ, ಬಾಸ್ ಮಾತ್ರ ಪೂರ್ತಿ ಇಡು ಎಂದು ಮೊಮ್ಮಗಳಿಗೆ ಹೇಳಿದೆ. ಅವಳು ದಪ್ಪ ತಂತಿ ಮೀಟಿದಳು. ದನಿ ನೆಲದಿಂದ ಚಾಪೆಗೆ, ಚಾಪೆಯಿಂದ ಬೆನ್ನಿಗೆ ಬಂತು. ಕೊಬ್ಬರಿ ಅಗಿಯುತ್ತಾ ಅಗಿಯುತ್ತಾ ನಿದ್ದೆ ಹತ್ತಿತು.