ಗಂಟೆ ಹೊಡೆಯುವ ಮುನ್ನ

ನಮ್ಮ ಶಾಲೆಯ ಆಯಮ್ಮನಿಗೆ ಬಾಯಿ ಜೋರು. ಒರೆಸಿದ ನೆಲ ಆರುವ ಮೊದಲು ಹೆಡ್‌ಮಾಸ್ಟರೇ ಕಾಲಿಟ್ಟರೂ ಬಿಡುವವರಲ್ಲ. ಅಡುಗೆಕೋಣೆಗೆ ಬೆಂಕಿ ಹತ್ತಿಕೊಂಡ ದಿನ ಅವರೇ ಬಿಡದೆ ಗಂಟೆ ಬಾರಿಸಿ ಮಕ್ಕಳನ್ನೆಲ್ಲ ಹೊರಗೆ ಕಳಿಸಿದ್ದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಅಂದಿನಿಂದ ಗಂಟೆ ಕೇಳಿದರೆ ಸಾಕು, ಒಂದನೇ ತರಗತಿಯ ಮಕ್ಕಳು ಬೆಂಚಿನಡಿ ತೂರಿಕೊಳ್ಳುತ್ತಿದ್ದರು.

ಹಾಗಾಗಿ ಪ್ರತಿ ಸಲವೂ ಆಯಮ್ಮ ಮೊದಲು ಆ ಮಕ್ಕಳ ತರಗತಿಯ ಬಾಗಿಲಿಗೆ ಹೋಗಿ, "ಈಗ ಹೊಡೀತೀನಿ. ಇದು ಬರೀ ಊಟದ ಗಂಟೆ. ಕಿವಿ ಮುಚ್ಕೊಳ್ಳಿ," ಎಂದು ಹೇಳಿ ಬರುತ್ತಿದ್ದರು. ಗಂಟೆ ತಡವಾಗುತ್ತಿದೆ ಎಂದು ಹೆಡ್‌ಮಾಸ್ಟರು ಗೊಣಗಿದ್ದಕ್ಕೆ, "ಗಡಿಯಾರಕ್ಕೇನು ಸಾರ್, ಹೆದರ್ಕೊಂಡಿರೋದು ಮಕ್ಕಳು," ಎಂದರು.

ಒಂದು ದಿನ ಆ ತರಗತಿಯ ಪುಟ್ಟ ಹುಡುಗಿಯೊಬ್ಬಳು ಅವರ ಹಿಂದೆಯೇ ಬಂದಳು.

"ಹೊಡೆಯೋವಾಗ ನೀವ್ಯಾಕೆ ಕಣ್ಣು ಮುಚ್ಕೊಳ್ತೀರ ಆಯಮ್ಮ?"

ಜೋರು ಬಾಯಿಯ ಆಯಮ್ಮ ಎತ್ತಿದ್ದ ಸುತ್ತಿಗೆಯನ್ನು ಇಳಿಸಿ ದನಿ ತಗ್ಗಿಸಿದರು.

"ನಂಗೂ ಆ ದಿನ ನೆನಪಾಗುತ್ತೆ ಪುಟ್ಟಿ. ಸುತ್ತಿಗೆ ಭಾರ, ಎರಡೂ ಕೈ ಬೇಕು. ಇನ್ನು ಕಿವಿ ಹೇಗೆ ಮುಚ್ಕೊಳ್ಳಲಿ?"

ಹುಡುಗಿ ಆಯಮ್ಮ ಕೂರುವ ಸ್ಟೂಲನ್ನು ಎಳೆದು ತಂದು ಹತ್ತಿ ನಿಂತಳು. ತನ್ನೆರಡೂ ಅಂಗೈಗಳಿಂದ ಆಯಮ್ಮನ ಕಿವಿಗಳನ್ನು ಬಿಗಿಯಾಗಿ ಮುಚ್ಚಿದಳು.

"ಈಗ ಹೊಡೀರಿ."