ಬಾಗಿಲಿಗೆ ಅಡ್ಡ ಕೂತ ಆಯಿ

ನನ್ನ ಮಗಳು ಹತ್ತಾರು ಮದುವೆಗಳಿಗೆ ಹೋಗಿದ್ದಾಳೆ. ಒಂದನ್ನೂ ನೋಡಿಲ್ಲ!

ಒಗಟಲ್ಲ, ನಿಜ. ಒಂಬತ್ತು ವರ್ಷದ ಸನ್ನಿಧಿಗೆ ಆಟಿಸಂ ಇದೆ. ಡಿಜೆ ಶುರುವಾಯಿತೆಂದರೆ ಅವಳಿಗೆ ಕಿವಿಯಲ್ಲಿ ಕಾದ ಸೀಸ ಹೊಯ್ದಂತೆ. ಎರಡೂ ಕಿವಿ ಮುಚ್ಚಿಕೊಂಡು ಚೀರುತ್ತಾಳೆ. ನಾನೋ ನಮ್ಮ ಮನೆಯವರೋ ಅವಳನ್ನು ಎತ್ತಿಕೊಂಡು ಕಾರಿಗೆ ಓಡುತ್ತೇವೆ. ನಿಪ್ಪಾಣಿಯಿಂದ ಅಥಣಿಯವರೆಗೆ ಯಾವ ಮಂಗಲ ಕಾರ್ಯಾಲಯದ ಪಾರ್ಕಿಂಗಿನಲ್ಲಿ ನೆರಳಿದೆ ಅಂತ ನನ್ನನ್ನು ಕೇಳಿ. (ಊಟ ಹೇಗಿತ್ತು ಅಂತ ಮಾತ್ರ ಕೇಳಬೇಡಿ.)

ಆದರೆ ಈ ಸಲ ಶೇಡಬಾಳದಲ್ಲಿ ಅವಳ ಸ್ವಂತ ಸೋದರತ್ತೆಯ ಮದುವೆ. “ಅತ್ಯಾಗ ಅಕ್ಕಿಕಾಳ ಹಾಕತೀನಿ” ಎಂದು ಗೊಂಬೆಗಳ ತಲೆಗೆಲ್ಲ ಅಕ್ಷತೆ ಹಾಕಿ ಅಭ್ಯಾಸ ಮಾಡಿದ್ದಳು. ಈ ಮಗುವನ್ನು ಮತ್ತೆ ಕಾರಿನಲ್ಲಿ ಕೂರಿಸುವುದು ಹೇಗೆ?

ನಮ್ಮ ಮನೆಯವರ ಅಜ್ಜಿಗೆ ಹೇಳಿಕೊಂಡೆ. (ನಮ್ಮ ಕಡೆ ಅಜ್ಜಿಗೆ ಆಯಿ ಅಂತೀವಿ.)

“ಕಾರ್ಯಾಲಯದ ಹಿಂದ ನಾ ಸಾಮಾಯಿಕಕ್ಕ ಕೂಡೂ ಖೋಲಿ ಇಡಸೇನಿ. ಅದರಾಗ ಕೂಡಸಬೇ” ಅಂದರು ಆಯಿ.

ಸಾಮಾಯಿಕ ಅಂದರೆ ನಮ್ಮ ಜೈನರಲ್ಲಿ ಮಾತು ಬಿಟ್ಟು, ಅಲುಗಾಡದೆ, ಮನಸ್ಸನ್ನು ಸಮ ಮಾಡಿಕೊಂಡು ಕೂರುವುದು. ಆಯಿ ಮದುವೆಯಿರಲಿ ಮುಂಜಿಯಿರಲಿ, ಒಂದು ಹೊತ್ತೂ ತಪ್ಪಿಸಿದವರಲ್ಲ. ಮದುವೆಯ ದಿನ ಸನ್ನಿಧಿಯನ್ನು ಅವರ ಖೋಲಿಗೆ ಕರೆದೊಯ್ದೆ. ಕಿಟಕಿ ಮುಚ್ಚಿದ ತಂಪು ಕೋಣೆ. ಡಿಜೆ ಅಲ್ಲಿಗೆ ಬರೀ ಗುಂಯ್ ಎನ್ನುತ್ತಿತ್ತು. ಅವಳು ಫರಸಿ ನೆಲದ ಮೇಲೆ ಕೆನ್ನೆಯಿಟ್ಟು ಮಲಗಿದಳು. ಗೆದ್ದೆ ಅಂದುಕೊಂಡೆ.

ನಮ್ಮ ಬೀಗರ ಪ್ರೀತಿಯನ್ನು ಮರೆತಿದ್ದೆ!

“ಕೂಸು ಗಪ್ಪಾತೇನ್ರಿ?” ಎಂದು ಒಬ್ಬರು ಬಾಗಿಲು ಬಡಿದರು. ಇನ್ನೊಬ್ಬರು ಶಿರಾದ ತಾಟು ಹಿಡಿದು ಬಂದರು. ಮತ್ತೊಬ್ಬರು “ಬಾಳ ಕುಠೆ ಆಹೆ?” ಎಂದು ಮರಾಠಿಯಲ್ಲಿ ಮಗುವನ್ನು ಹುಡುಕಿಕೊಂಡು ಬಂದು, ಸೆಕೆ ಅಂತ ಕಟಕಟ ಅನ್ನುವ ಫ್ಯಾನ್ ಹಾಕಿದರು. “ಮೊಬೈಲ್‌ನಾಗ ಹಾಡ ಹಚ್ಚಲೇನ್ರಿ?” ಎಂದರು ಮಾವನವರೊಬ್ಬರು. ಯಾರಿಗೆ ಬೈಯಲಿ? ಎಲ್ಲರದೂ ಅಂತಃಕರಣವೇ. ಇಡೀ ಕಾರ್ಯಾಲಯದಲ್ಲಿ ಆ ಶಾಂತ ಖೋಲಿಯಷ್ಟು ಗದ್ದಲ ಇನ್ನೆಲ್ಲೂ ಇರಲಿಲ್ಲ.

ಸನ್ನಿಧಿಯ ಕೈ ಕಿವಿಗೆ ಹೋಯಿತು. ನನ್ನ ಕೈ ಕಾರಿನ ಕೀಗೆ.

ಮೂಲೆಯಲ್ಲಿದ್ದ ಆಯಿ ಎದ್ದರು. ಫ್ಯಾನ್ ಆರಿಸಿದರು. ತಮ್ಮ ಚಾಪೆ ಎಳೆದು ತಂದು ಬಾಗಿಲಿಗೆ ಅಡ್ಡ ಹಾಸಿ, ಹೊರಗೆ ಮುಖ ಮಾಡಿ ಕೂತು ಕಣ್ಣು ಮುಚ್ಚಿದರು. ಸಾಮಾಯಿಕ ಶುರು!

ಇನ್ನು ಯಾರು ದಾಟುತ್ತಾರೆ? ಸಾಮಾಯಿಕಕ್ಕೆ ಕೂತವರ ಮುಂದೆ ನಮ್ಮಲ್ಲಿ ಯಾರೂ ಕೆಮ್ಮುವುದೂ ಇಲ್ಲ. ಶಿರಾದ ತಾಟು ಬಂದ ದಾರಿಯಲ್ಲೇ ತಿರುಗಿತು. ಮೊಬೈಲು ಜೇಬು ಸೇರಿತು. ನಾನು ಗೋಡೆಗೆ ಒರಗಿ ಸುಮ್ಮನೆ ಅತ್ತೆ. ಇಷ್ಟು ವರ್ಷಗಳಲ್ಲಿ ನಮಗಾಗಿ ಹೀಗೆ ಯಾರೂ ಬಾಗಿಲು ಕಾದಿರಲಿಲ್ಲ.

ಮುಹೂರ್ತಕ್ಕೆ ಡಿಜೆ ನಿಂತಿತು. ಆಯಿ ಕಣ್ಣು ತೆರೆದು ಕಿರುಬೆರಳು ಚಾಚಿದರು. “ಬರತೀಯೇನವ್ವಾ?” ಸನ್ನಿಧಿ ಬೆರಳು ಹಿಡಿದು ಹೋದಳು. ಅತ್ತೆಯ ತಲೆಯ ಮೇಲೆ ಅಕ್ಕಿಕಾಳು ಹಾಕಿದಳು. ಬ್ಯಾಂಡು ಬಡಿಯುವ ಮೊದಲೇ ತಾನೇ ಖೋಲಿಗೆ ವಾಪಸು ಬಂದು ಮಲಗಿದಳು, ನಗುತ್ತಾ.

ನಾನು ಆಯಿಯ ಕಾಲು ಹಿಡಿದೆ.

“ಏಳಬೇ, ಇದರಾಗ ಏನೈತಿ? ಮಂದೀನ್ನ ಕರದ ಮ್ಯಾಲ ಕುಂಡ್ರಾಕ ಜಾಗಾ ಕೊಡಬೇಕಲ್ಲೇನ?”

ಇಂಥ ಶಾಂತ ಖೋಲಿಗೆ ಸಿಟಿಗಳಲ್ಲಿ ‘ಸೆನ್ಸರಿ ರೂಮ್’ ಎನ್ನುತ್ತಾರಂತೆ. ಬೇಕಾದದ್ದು ಒಂದು ಮೂಲೆಯ ಖೋಲಿ, ಒಂದು ಚಾಪೆ, ಬಾಗಿಲಲ್ಲಿ ಆಯಿಯಂಥ ಒಬ್ಬರು. ವರನಿಗೊಂದು, ವಧುವಿಗೊಂದು, ಅಡುಗೆ ಸಾಮಾನಿಗೊಂದು ಖೋಲಿ ಹಿಡಿಯುವ ನಮಗೆ ಇದೇನು ಭಾರವೇ?

ಲಗ್ನಪತ್ರಿಕೆಯಲ್ಲಿ ‘ಸಹಕುಟುಂಬ ಸಪರಿವಾರ’ ಎಂದು ಅಚ್ಚು ಹಾಕಿಸುವಾಗ, ಆ ಕುಟುಂಬದಲ್ಲಿ ಇಂಥ ಮಗುವೂ ಇರಬಹುದೆಂದು ನಮಗೇಕೆ ಹೊಳೆಯುವುದಿಲ್ಲ?